ಸಾಂಕ್ರಾಮಿಕದ ದಿನಗಳಲ್ಲಿ ಒಳಾಂಗಣ ವ್ಯಾಯಾಮ: ಕೋಣೆಯ ಗಾಳಿಯನ್ನು ಅಳೆದು ನೋಡುವ ಬಗೆ

ಕಿಟಕಿ ಮುಚ್ಚಿದ ಕೋಣೆಯೊಂದರಲ್ಲಿ ಹತ್ತು ಹನ್ನೆರಡು ಮಂದಿ ಒಟ್ಟಿಗೆ ವ್ಯಾಯಾಮದ ಸೈಕಲ್ ತುಳಿಯತೊಡಗಿದರೆ ಸ್ವಲ್ಪ ಹೊತ್ತಿನಲ್ಲೇ ಗೋಡೆಯ ಕನ್ನಡಿ ಮಸುಕಾಗುತ್ತದೆ. ಬೆರಳಿನಿಂದ ಒರೆಸಿದರೆ ಗೆರೆ ಮೂಡಿ, ಅದರ ತುದಿಯಿಂದ ಒಂದು ಹನಿ ಕೆಳಗಿಳಿಯುತ್ತದೆ. ಆ ತೇವದಲ್ಲಿ ಬೆವರಿನ ಆವಿಯ ಜೊತೆಗೆ ಅಲ್ಲಿರುವ ಎಲ್ಲರ ಶ್ವಾಸಕೋಶದಿಂದ ಬಂದ ಉಸಿರೂ ಸೇರಿರುತ್ತದೆ. ಉಸಿರಿನ ಮೂಲಕ ಹರಡುವ ರೋಗವೊಂದು ಎಲ್ಲೆಡೆ ಹಬ್ಬಿರುವಾಗ ಒಳಾಂಗಣದಲ್ಲಿ ಬೆವರು ಸುರಿಸಲು ಹೊರಟವರು ಮೊದಲು ಗಮನಿಸಬೇಕಾದದ್ದು ಈ ಕನ್ನಡಿಯನ್ನು. ಬಾಗಿಲಲ್ಲಿಟ್ಟ ಸ್ಯಾನಿಟೈಜರ್ ಬಾಟಲಿ, ಹಣೆಗೆ ಹಿಡಿಯುವ ಥರ್ಮಾಮೀಟರ್, ನೆಲಕ್ಕೆ ಅಂಟಿಸಿದ ಬಣ್ಣದ ಪಟ್ಟಿಗಳೆಲ್ಲ ಅದಾದ ಮೇಲಿನ ಮಾತು.

ವ್ಯಾಯಾಮವನ್ನೇ ಬಿಡಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2020ರಲ್ಲಿ, ಕೋವಿಡ್ ಹಬ್ಬುತ್ತಿದ್ದ ಹೊತ್ತಿನಲ್ಲೇ. ಮಧುಮೇಹ, ರಕ್ತದೊತ್ತಡ, ಮಂಡಿನೋವು ಇರುವವರಿಗೆ ತಿಂಗಳುಗಟ್ಟಲೆ ಕುಳಿತೇ ಇರುವುದೂ ಅಪಾಯವೇ. ಆದ್ದರಿಂದ ವ್ಯಾಯಾಮ ಮಾಡಬೇಕೋ ಬೇಡವೋ ಎಂಬುದಕ್ಕಿಂತ ಯಾವ ವ್ಯಾಯಾಮವನ್ನು ಎಲ್ಲಿ, ಯಾರ ಜೊತೆ, ಎಷ್ಟು ಹೊತ್ತು ಮಾಡಬೇಕು ಎಂಬುದನ್ನು ಯೋಚಿಸಿ ತೀರ್ಮಾನಿಸುವುದು ಒಳ್ಳೆಯದು. ಮುಂದೆ ಕೊಟ್ಟಿರುವ ವಿಷಯಗಳು ಮುಖ್ಯವಾಗಿ ಕೋವಿಡ್ ಕಾಲದ ಅನುಭವದಿಂದ ಬಂದವು. ಗಾಳಿಯಲ್ಲಿ ತೇಲುವ ಸೂಕ್ಷ್ಮ ಹನಿಗಳಿಂದ ಹರಡುವ ಬೇರೆ ರೋಗಗಳಿಗೂ ಇವುಗಳಲ್ಲಿ ಬಹುಪಾಲು ಅನ್ವಯಿಸುತ್ತವೆ.

ಎರಡು ಕಡೆಯಿಂದ ಏರುವ ಅಪಾಯ

ಸುಮ್ಮನೆ ಕುಳಿತ ವಯಸ್ಕರೊಬ್ಬರು ನಿಮಿಷಕ್ಕೆ ಸುಮಾರು 6ರಿಂದ 8 ಲೀಟರ್ ಗಾಳಿಯನ್ನು ಒಳಗೆಳೆದು ಬಿಡುತ್ತಾರೆ. ಅದೇ ವ್ಯಕ್ತಿ ಓಡತೊಡಗಿದಾಗ ಈ ಪ್ರಮಾಣ 50, 60 ಲೀಟರಿಗೆ ಏರುವುದು ಸಾಮಾನ್ಯ. ಚೆನ್ನಾಗಿ ಪಳಗಿದವರು ಶಕ್ತಿಮೀರಿ ದಣಿಯುವಾಗ 100 ಲೀಟರನ್ನೂ ದಾಟುತ್ತಾರೆ. ಲೆಕ್ಕ ಹಾಕಿ ನೋಡಿ: ನಿಮಿಷಕ್ಕೆ 8 ಲೀಟರಿನಂತೆ ಒಂದು ಗಂಟೆ ಕುಳಿತವರು 480 ಲೀಟರ್ ಗಾಳಿ ಸೇವಿಸಿದರೆ, 60 ಲೀಟರಿನಂತೆ ಒಂದು ಗಂಟೆ ಓಡಿದವರು 3600 ಲೀಟರ್ ಸೇವಿಸಿರುತ್ತಾರೆ. ಕೋಣೆಯ ಗಾಳಿಯಲ್ಲಿ ವೈರಾಣುಗಳಿದ್ದರೆ ಓಡಿದವರ ಶ್ವಾಸಕೋಶಕ್ಕೆ ಏಳೆಂಟು ಪಟ್ಟು ಹೆಚ್ಚು ವೈರಾಣುಗಳು ತಲುಪುವ ಅವಕಾಶವಿದೆ. ಜೋರಾಗಿ ಏದುಸಿರು ಬಿಡುವಾಗ ನಾವು ಮೂಗನ್ನು ಬಿಟ್ಟು ಬಾಯಿಂದ ಉಸಿರಾಡುವುದರಿಂದ, ಮೂಗಿನ ಒಳಪದರ ಮಾಡುವ ಸೋಸುವ ಕೆಲಸದ ಲಾಭವೂ ತಪ್ಪುತ್ತದೆ.

ಇದು ಒಳಗೆ ಬರುವ ಗಾಳಿಯ ಮಾತಾಯಿತು. ಹೊರಗೆ ಹೋಗುವ ಉಸಿರಿನ ಲೆಕ್ಕ ಇನ್ನೂ ಕಠಿಣವಾಗಿದೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಸಂಶೋಧಕರು ಆರೋಗ್ಯವಂತರನ್ನು ವ್ಯಾಯಾಮದ ಸೈಕಲ್ ಮೇಲೆ ಕೂರಿಸಿ, ಶುದ್ಧ ಗಾಳಿಯನ್ನಷ್ಟೇ ಉಸಿರಾಡಲು ಕೊಟ್ಟು, ಅವರು ಹೊರಬಿಡುವ ಕಣಗಳನ್ನು ಎಣಿಸಿದರು. 2022ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸರಾಸರಿ 580 ಕಣಗಳನ್ನು ಹೊರಬಿಡುತ್ತಿದ್ದವರು, ಪೂರ್ತಿ ದಣಿಯುವ ಹಂತಕ್ಕೆ ಬಂದಾಗ ನಿಮಿಷಕ್ಕೆ ಸರಾಸರಿ 76,200 ಕಣಗಳನ್ನು, ಅಂದರೆ 130ಕ್ಕೂ ಹೆಚ್ಚು ಪಟ್ಟು ಕಣಗಳನ್ನು ಹೊರಬಿಟ್ಟರು. ಇದರಲ್ಲಿ ನಮಗೆ ಬಹಳ ಉಪಯೋಗಕ್ಕೆ ಬರುವ ಅಂಶವೊಂದಿದೆ. ಕಣಗಳ ಸಂಖ್ಯೆ ಶ್ರಮದ ಜೊತೆ ಒಂದೇ ಸಮನೆ ಏರಲಿಲ್ಲ. ಹಗುರ ಮತ್ತು ಮಧ್ಯಮ ಶ್ರಮದವರೆಗೆ ನಿಧಾನವಾಗಿ ಏರಿ, ಅದನ್ನು ದಾಟಿದ ಮೇಲೆ ಒಮ್ಮೆಲೇ ಕಡಿದಾಗಿ ಮೇಲೇರಿತು. ಸೋಂಕು ತಗುಲಿದವರೊಬ್ಬರು ಅರಿವಿಲ್ಲದೆ ಗುಂಪಿನಲ್ಲಿದ್ದರೆ, ಅವರು ನಡೆಯುತ್ತಿದ್ದಾರೋ ನಾಗಾಲೋಟದಲ್ಲಿ ಓಡುತ್ತಿದ್ದಾರೋ ಎಂಬುದರ ಮೇಲೆ ಉಳಿದವರ ಅದೃಷ್ಟ ನಿಂತಿರುತ್ತದೆ.

ಪ್ರಯೋಗಾಲಯದ ಹೊರಗೂ ಇದು ಹೀಗೆಯೇ ನಡೆಯಿತು. 2020ರ ಫೆಬ್ರುವರಿ 15ರಂದು ದಕ್ಷಿಣ ಕೊರಿಯಾದ ಚೊನಾನ್‌ನಲ್ಲಿ ಜುಂಬಾ ನೃತ್ಯವ್ಯಾಯಾಮ ಕಲಿಸುವವರ ಕಾರ್ಯಾಗಾರವೊಂದು ನಡೆಯಿತು. ಅಲ್ಲಿ ಸೋಂಕು ತಗುಲಿಸಿಕೊಂಡ ತರಬೇತುದಾರರು ತಮಗೆ ತಿಳಿಯದೆಯೇ ತಮ್ಮ ತಮ್ಮ ತರಗತಿಗಳಿಗೆ ಅದನ್ನು ಕೊಂಡೊಯ್ದರು. ಒಂದು ತಿಂಗಳೊಳಗೆ 12 ವ್ಯಾಯಾಮ ಕೇಂದ್ರಗಳಿಗೆ ಸಂಬಂಧಿಸಿದ 112 ಪ್ರಕರಣಗಳು ಲೆಕ್ಕಕ್ಕೆ ಸಿಕ್ಕವು. ಸುಮಾರು 60 ಚದರ ಮೀಟರಿನ ಕೋಣೆಯಲ್ಲಿ ಐದರಿಂದ ಇಪ್ಪತ್ತೆರಡು ಮಂದಿ 50 ನಿಮಿಷ ಕುಣಿಯುತ್ತಿದ್ದ ತರಗತಿಗಳು ಅವು. ಅದೇ ಕಾರ್ಯಾಗಾರಕ್ಕೆ ಹೋಗಿಬಂದು ಸೋಂಕಿತರಾದ ಇನ್ನೊಬ್ಬ ತರಬೇತುದಾರರು ಅದೇ ಅವಧಿಯಲ್ಲಿ ಏಳೆಂಟು ಮಂದಿಗೆ ಯೋಗ ಮತ್ತು ಪಿಲಾಟೀಸ್ ಎಂಬ ನಿಧಾನಗತಿಯ ವ್ಯಾಯಾಮ ಹೇಳಿಕೊಡುತ್ತಿದ್ದರು. ಅವರ ಶಿಷ್ಯರಲ್ಲಿ ಯಾರಿಗೂ ಸೋಂಕು ಕಾಣಿಸಲಿಲ್ಲ. ಒಂದೇ ಉದಾಹರಣೆಯಿಂದ ನಿಯಮ ಮಾಡಬಾರದು ಎಂಬುದು ನಿಜವಾದರೂ, ಮ್ಯೂನಿಕ್‌ನ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ಈ ವ್ಯತ್ಯಾಸಕ್ಕೆ ಅರ್ಥ ಸಿಗುತ್ತದೆ.

ಅಮೆರಿಕದ ಶಿಕಾಗೊದಲ್ಲಿ 2020ರ ಆಗಸ್ಟ್ ಕೊನೆಯ ವಾರ ನಡೆದದ್ದು ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಅಲ್ಲಿನ ವ್ಯಾಯಾಮ ಕೇಂದ್ರ ಬೇಜವಾಬ್ದಾರಿಯದಾಗಿರಲಿಲ್ಲ. ಕೋಣೆಯ ಸಾಮರ್ಥ್ಯದ ಕಾಲುಭಾಗಕ್ಕಿಂತ ಹೆಚ್ಚು ಜನರನ್ನು ಸೇರಿಸುತ್ತಿರಲಿಲ್ಲ, ಬಾಗಿಲಲ್ಲಿ ಜ್ವರ ನೋಡುತ್ತಿದ್ದರು, ಲಕ್ಷಣಗಳನ್ನು ಕೇಳುತ್ತಿದ್ದರು, ಚಾಪೆಗಳ ನಡುವೆ ಆರು ಅಡಿ ಅಂತರವಿತ್ತು. ಆದರೆ ವ್ಯಾಯಾಮ ಶುರುವಾದ ಮೇಲೆ ಮಾಸ್ಕ್ ತೆಗೆಯಲು ಅವಕಾಶವಿತ್ತು ಮತ್ತು ವ್ಯಾಯಾಮ ತೀವ್ರ ಸ್ವರೂಪದ್ದಾಗಿತ್ತು. ಬಂದ 81 ಮಂದಿಯಲ್ಲಿ 55 ಮಂದಿಗೆ ಸೋಂಕು ತಗುಲಿತು. ಅವರಲ್ಲಿ 22 ಮಂದಿ ಲಕ್ಷಣ ಕಾಣಿಸಿಕೊಂಡ ದಿನವೋ ಅದರ ನಂತರವೋ ತರಗತಿಗೆ ಬಂದಿದ್ದರು. ಅಂತರ ಕಾಯ್ದರೂ, ಜನ ಕಡಿಮೆಯಿದ್ದರೂ, ಒಂದೇ ಗಾಳಿಯನ್ನು ಒಂದು ಗಂಟೆ ಜೋರಾಗಿ ಹಂಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೊರಡುವ ಮೊದಲು

ಮಾಡಬೇಕೆಂದಿರುವ ವ್ಯಾಯಾಮವನ್ನು ಹೊರಗೆ ಮಾಡಲು ಸಾಧ್ಯವೇ ಎಂದು ಮೊದಲು ಯೋಚಿಸಿ. ಬಯಲಿನಲ್ಲಿ ಉಸಿರು ಕ್ಷಣಾರ್ಧದಲ್ಲಿ ಚದುರಿಹೋಗುತ್ತದೆ; ಒಳಗೆ ಅದು ಸಂಗ್ರಹವಾಗುತ್ತದೆ. ಆದ್ದರಿಂದ ವಾರದ ವ್ಯಾಯಾಮವನ್ನು ಎರಡು ಭಾಗ ಮಾಡಿಕೊಳ್ಳಿ ಎಂಬುದು ನನ್ನ ಮೊದಲ ಸಲಹೆ. ಓಟ, ಹಗ್ಗದಾಟ, ವೇಗದ ಸೈಕಲ್, ಏದುಸಿರು ತರುವ ಸರಣಿ ವ್ಯಾಯಾಮಗಳು ಹೊರಗಿರಲಿ. ಭಾರ ಎತ್ತುವುದು, ಮೈ ಹಿಗ್ಗಿಸುವುದು, ಸಮತೋಲನದ ಅಭ್ಯಾಸ, ಯಂತ್ರವಿಲ್ಲದೆ ಆಗದ ಸ್ನಾಯುಬಲದ ಕೆಲಸ ಒಳಗಿರಲಿ. ಇವುಗಳ ನಡುವೆ ಬಿಡುವಿರುವುದರಿಂದ ಉಸಿರು ಮತ್ತೆ ಮತ್ತೆ ಸಹಜಸ್ಥಿತಿಗೆ ಬರುತ್ತದೆ. ಇದೊಂದು ಬದಲಾವಣೆಯಿಂದಲೇ ಅಪಾಯದ ದೊಡ್ಡ ಪಾಲು ಕಳೆಯುತ್ತದೆ, ಇದಕ್ಕೆ ಯಾವ ಉಪಕರಣವೂ ಬೇಡ.

ನಿಮ್ಮ ಪ್ರದೇಶದಲ್ಲಿ ಸೋಂಕು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ವಾರಕ್ಕೊಮ್ಮೆಯಾದರೂ ನೋಡಿ. ಏರುತ್ತಿರುವಾಗ ಇಪ್ಪತ್ತು ಮಂದಿಯ ಗುಂಪಿನಲ್ಲಿ ಒಬ್ಬರಾದರೂ ಸೋಂಕಿತರಿರುವ ಸಾಧ್ಯತೆ, ಐದು ಮಂದಿಯ ಗುಂಪಿಗಿಂತ ಬಹಳ ಹೆಚ್ಚು. ಮನೆಯಲ್ಲಿ ವಯಸ್ಸಾದವರಿದ್ದರೆ, ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರಿದ್ದರೆ, ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿದ್ದರೆ ನಿಮ್ಮ ನಿರ್ಧಾರ ನಿಮ್ಮೊಬ್ಬರದಲ್ಲ. ಲಸಿಕೆಯನ್ನು ಸಕಾಲಕ್ಕೆ ಹಾಕಿಸಿಕೊಂಡಿರಿ. ರೋಗ ಉಲ್ಬಣಿಸುವುದನ್ನು ಅದು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಲಸಿಕೆ ಪಡೆದವರಿಗೂ ಸೋಂಕು ತಗುಲಬಹುದು, ಅವರಿಂದ ಬೇರೆಯವರಿಗೆ ಹರಡಲೂಬಹುದು.

ಗಂಟಲು ಕೆರೆತ, ಮೂಗು ಸೋರುವುದು, ಕಾರಣವಿಲ್ಲದ ಸುಸ್ತು, ಮೈಕೈ ನೋವು ಇವುಗಳಲ್ಲಿ ಯಾವುದೇ ಒಂದಿದ್ದರೂ ಆ ದಿನ ಹೋಗಬೇಡಿ. ವ್ಯಾಯಾಮ ಮಾಡುವವರಿಗೆ ಮೈಕೈ ನೋವು ಹೊಸದಲ್ಲ, ಆದ್ದರಿಂದಲೇ ನಾವು ಅದನ್ನು ನಿನ್ನೆಯ ಶ್ರಮದ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುತ್ತೇವೆ. 2020ರ ಜೂನ್-ಜುಲೈನಲ್ಲಿ ಅಮೆರಿಕದ ಹವಾಯಿಯ ಹೊನೊಲುಲುವಿನಲ್ಲಿ ಇಬ್ಬರು ವ್ಯಾಯಾಮ ತರಬೇತುದಾರರಿಗೆ ಸಂಬಂಧಿಸಿದ ಸೋಂಕನ್ನು ಪರಿಶೀಲಿಸಿದಾಗ ಹೊರಬಂದ ಅಂಕಿಗಳನ್ನು ನೋಡಿ: ಲಕ್ಷಣ ಕಾಣಿಸಿಕೊಳ್ಳುವುದಕ್ಕೆ ಒಂದು ದಿನಕ್ಕಿಂತ ಕಡಿಮೆ ಸಮಯವಿದ್ದಾಗ ಅವರು ನಡೆಸಿದ ತರಗತಿಗಳಲ್ಲಿ 21 ಮಂದಿಯ ಪೈಕಿ 20 ಮಂದಿಗೆ ಸೋಂಕು ತಗುಲಿತ್ತು, ಒಂದರಿಂದ ಎರಡು ದಿನ ಮೊದಲಿನ ತರಗತಿಗಳಲ್ಲಿ 16 ಮಂದಿಯ ಪೈಕಿ ಇಬ್ಬರಿಗೆ, ಎರಡು ದಿನಕ್ಕೂ ಮೊದಲಿನ ತರಗತಿಗಳಲ್ಲಿದ್ದ 33 ಮಂದಿಯಲ್ಲಿ ಯಾರಿಗೂ ಇಲ್ಲ. ಅವರಲ್ಲೊಬ್ಬರ ಸೈಕಲ್ ತರಗತಿಯ ಕಿಟಕಿ ಬಾಗಿಲುಗಳು ಮುಚ್ಚಿದ್ದವು, ತಂಪಿಗೆಂದು ನೆಲದ ಮೇಲೆ ದೊಡ್ಡ ಫ್ಯಾನುಗಳು ತಿರುಗುತ್ತಿದ್ದವು, ತರಬೇತುದಾರರು ಎತ್ತರದಲ್ಲಿ ಕುಳಿತು ಎಲ್ಲರನ್ನೂ ಕೂಗಿ ಹುರಿದುಂಬಿಸುತ್ತಿದ್ದರು. ಜ್ವರವೇ ಬಾರದ ವ್ಯಕ್ತಿಯ ಹಣೆಗೆ ಥರ್ಮಾಮೀಟರ್ ಹಿಡಿದು ಏನು ತಿಳಿಯಲು ಸಾಧ್ಯ? ಆ ತಪಾಸಣೆಯನ್ನು ನಂಬಿ ಒಳಗೆ ನಿಶ್ಚಿಂತರಾಗಬೇಡಿ.

ಕೋಣೆಯನ್ನು ಪರೀಕ್ಷಿಸುವುದು

ಹೊಸ ಜಿಮ್ಮಿಗೆ ಸೇರುವಾಗ ನಾವು ಯಂತ್ರಗಳನ್ನು ನೋಡುತ್ತೇವೆ. ಸಾಂಕ್ರಾಮಿಕದ ದಿನಗಳಲ್ಲಿ ಮೇಲ್ಛಾವಣಿಯನ್ನೂ ಕಿಟಕಿಗಳನ್ನೂ ನೋಡಬೇಕು. ಎದುರುಬದುರಿನ ಗೋಡೆಗಳಲ್ಲಿ ತೆರೆಯುವ ಕಿಟಕಿಗಳಿವೆಯೇ? ಗಾಜು ತೆರೆಯುತ್ತದೆಯೋ ಅಥವಾ ಶಾಶ್ವತವಾಗಿ ಕೂರಿಸಿದ್ದಾರೋ? ಎಕ್ಸಾಸ್ಟ್ ಫ್ಯಾನ್ ಎಲ್ಲಿದೆ, ತರಗತಿ ನಡೆಯುವಾಗ ಅದನ್ನು ಹಾಕಿರುತ್ತಾರೆಯೇ ಅಥವಾ ಸದ್ದಾಗುತ್ತದೆಂದು ಆರಿಸುತ್ತಾರೆಯೇ? ನೆಲಮಾಳಿಗೆಯ ಕೋಣೆಯೆಂದರೆ ಯಂತ್ರದ ಮೂಲಕ ಹೊರಗಾಳಿ ಬರುವ ವ್ಯವಸ್ಥೆ ಇದೆಯೇ ಎಂದು ಕೇಳಿಯೇ ಮುಂದುವರಿಯಿರಿ.

ಗೋಡೆಗೆ ಹಾಕುವ ಸ್ಪ್ಲಿಟ್ ಎಸಿಯ ವಿಷಯದಲ್ಲಿ ಬಹಳ ಜನ ತಪ್ಪು ತಿಳಿದಿದ್ದಾರೆ. ಅದು ಕೋಣೆಯ ಗಾಳಿಯನ್ನೇ ಎಳೆದು, ತಂಪು ಮಾಡಿ, ಮತ್ತೆ ಅದೇ ಕೋಣೆಗೆ ಬಿಡುತ್ತದೆ. ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಅದರೊಳಗಿನ ಜಾಲರಿ ದೂಳನ್ನು ತಡೆಯುತ್ತದೆಯೇ ಹೊರತು ವೈರಾಣು ಹೊತ್ತ ಸೂಕ್ಷ್ಮ ಹನಿಗಳನ್ನಲ್ಲ. ಕೋಣೆ ತಂಪಾಗಿದೆ, ಹಿತವಾಗಿದೆ ಎಂದ ಮಾತ್ರಕ್ಕೆ ಗಾಳಿ ಹೊಸದೆಂದು ಅರ್ಥವಲ್ಲ. ಎಸಿ ಹಾಕಿದಾಗ ಸಾಮಾನ್ಯವಾಗಿ ಕಿಟಕಿ ಮುಚ್ಚುತ್ತಾರೆ, ತೊಂದರೆ ಶುರುವಾಗುವುದೇ ಅಲ್ಲಿ.

ಗಾಳಿ ಹೊರಗೆ ಹೋಗುತ್ತಿದೆಯೇ ಎಂದು ತಿಳಿಯಲು ತೆಳುವಾದ ಟಿಶ್ಯೂ ಕಾಗದದ ಒಂದು ಪಟ್ಟಿ ಸಾಕು. ಎರಡು ಬೆರಳಲ್ಲಿ ಅದರ ತುದಿ ಹಿಡಿದು ಕಿಟಕಿಯ ಬಳಿ, ಎಕ್ಸಾಸ್ಟ್ ಫ್ಯಾನಿನ ಬಳಿ, ಬಾಗಿಲ ಸಂದಿನ ಬಳಿ ನಿಲ್ಲಿ. ಪಟ್ಟಿ ಯಾವ ಕಡೆಗೆ ವಾಲುತ್ತದೆಂದು ನೋಡಿ. ನಾನು ಹೋಗುತ್ತಿದ್ದ ಒಂದು ವ್ಯಾಯಾಮ ಕೋಣೆಯಲ್ಲಿ ಎಕ್ಸಾಸ್ಟ್ ಫ್ಯಾನ್ ದಿನವಿಡೀ ಗುಂಯ್ ಎನ್ನುತ್ತಿತ್ತು, ನಾವೆಲ್ಲ ಅದರ ಸದ್ದನ್ನು ನಂಬಿಕೊಂಡಿದ್ದೆವು. ಒಂದು ದಿನ ಮೇಜಿನ ಮೇಲೆ ಹತ್ತಿ ಅದರ ಮುಂದೆ ಕಾಗದದ ಪಟ್ಟಿ ಹಿಡಿದೆ. ಪಟ್ಟಿ ಅಲುಗಲಿಲ್ಲ, ನೇರ ಕೆಳಗೆ ಜೋತುಬಿದ್ದಿತು. ಹೊರಬದಿಯ ಜಾಲರಿಗೆ ಕಂಬಳಿಯಷ್ಟು ದಪ್ಪನಾಗಿ ದೂಳು ಕಟ್ಟಿಕೊಂಡಿತ್ತು. ಬ್ರಷ್ಷಿನಿಂದ ಅದನ್ನು ಉಜ್ಜಿ ತೆಗೆಯಲು ಕಾಲು ಗಂಟೆಯೂ ಹಿಡಿಯಲಿಲ್ಲ. ಆಮೇಲೆ ಹಿಡಿದ ಪಟ್ಟಿ ಬೆರಳಿನಿಂದ ಕಿತ್ತುಕೊಂಡು ಹೋಗುವಂತೆ ಫ್ಯಾನಿನ ಕಡೆಗೆ ಸೆಳೆಯಿತು. ಅಷ್ಟು ತಿಂಗಳು ನಾವು ಉಸಿರಾಡಿದ ಗಾಳಿಯನ್ನು ನೆನೆದರೆ ಈಗಲೂ ನನಗೆ ಕಸಿವಿಸಿಯಾಗುತ್ತದೆ.

ಗಾಳಿಯನ್ನು ಲೆಕ್ಕಕ್ಕೆ ತರುವುದು

ಇನ್ನೂ ನಿಖರವಾಗಿ ತಿಳಿಯಬೇಕೆಂದರೆ ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರ್ ಬಳಸಬೇಕು. ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ ಸುಮಾರು 420 ಪಾಲು, ಅಂದರೆ 420 ಪಿಪಿಎಂ ಇರುತ್ತದೆ. ನಾವು ಬಿಡುವ ಉಸಿರಿನಲ್ಲಿ ಸುಮಾರು 40,000 ಪಿಪಿಎಂ. ಆದ್ದರಿಂದ ಕೋಣೆಯಲ್ಲಿ 420ನ್ನು ಮೀರಿದ ಪ್ರತಿಯೊಂದು ಪಾಲೂ ಯಾರೋ ಬಿಟ್ಟ ಉಸಿರಿನ ಗುರುತು. ಮೀಟರ್ 1220 ತೋರಿಸಿದರೆ ಹೆಚ್ಚುವರಿ 800. ಅದನ್ನು 40,000ದಿಂದ ಭಾಗಿಸಿದರೆ ನೀವು ಎಳೆಯುವ ಗಾಳಿಯಲ್ಲಿ ಐವತ್ತರಲ್ಲಿ ಒಂದು ಪಾಲು ಬೇರೊಬ್ಬರ ಶ್ವಾಸಕೋಶದಲ್ಲಿ ಇದ್ದುಬಂದದ್ದು. 2020 ತೋರಿಸಿದರೆ ಇಪ್ಪತ್ತೈದರಲ್ಲಿ ಒಂದು ಪಾಲು. ಮೀಟರನ್ನು ನಿಮ್ಮ ಮುಖದ ಹತ್ತಿರ ಹಿಡಿಯಬೇಡಿ, ನಿಮ್ಮ ಉಸಿರನ್ನೇ ಅಳೆಯುತ್ತದೆ. ಜನರಿಂದ ಒಂದೆರಡು ಮೀಟರ್ ದೂರದಲ್ಲಿ, ಎದೆಯ ಎತ್ತರದಲ್ಲಿ, ಕಿಟಕಿಗೆ ತೀರ ಸಮೀಪವಲ್ಲದ ಜಾಗದಲ್ಲಿಡಿ. ವ್ಯಾಯಾಮದ ಕೋಣೆಯಲ್ಲಿ 800ರೊಳಗಿದ್ದರೆ ಚೆನ್ನಾಗಿದೆ ಎಂದೂ, 1000 ದಾಟಿದರೆ ಕಿಟಕಿ ತೆರೆಸಬೇಕು ಇಲ್ಲವೇ ಶ್ರಮ ತಗ್ಗಿಸಬೇಕು ಎಂದೂ ನಾನು ಲೆಕ್ಕ ಇಟ್ಟುಕೊಂಡಿದ್ದೇನೆ. ಇದು ಕಾನೂನಿನ ಮಿತಿಯಲ್ಲ, ಎಚ್ಚರಿಕೆಗೆ ನಾನೇ ಎಳೆದುಕೊಂಡ ಗೆರೆ. ಗಾಳಿ ಶುದ್ಧಗೊಳಿಸುವ ಯಂತ್ರವಿದ್ದರೆ ಅದು ಹನಿಗಳನ್ನು ಹಿಡಿಯುತ್ತದೆ, ಆದರೆ ಈ ಅನಿಲವನ್ನು ಹಿಡಿಯುವುದಿಲ್ಲ. ಅಂಥ ಕೋಣೆಯಲ್ಲಿ ಮೀಟರಿನ ಅಂಕಿ ಅಪಾಯವನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ ಎಂಬುದು ನೆನಪಿರಲಿ.

ಇದೇ ಮೀಟರಿನಿಂದ ಕೋಣೆಯ ಗಾಳಿ ಗಂಟೆಗೆ ಎಷ್ಟು ಬಾರಿ ಬದಲಾಗುತ್ತದೆ ಎಂಬುದನ್ನೂ ಕಂಡುಹಿಡಿಯಬಹುದು. ತರಗತಿ ಮುಗಿದು ಎಲ್ಲರೂ ಹೊರಬಂದ ಮೇಲೆ ಕಿಟಕಿ, ಬಾಗಿಲು, ಫ್ಯಾನುಗಳನ್ನು ತರಗತಿಯ ವೇಳೆ ಇದ್ದಂತೆಯೇ ಬಿಟ್ಟು, ಮೀಟರನ್ನು ಖಾಲಿ ಕೋಣೆಯಲ್ಲಿಟ್ಟು ಬನ್ನಿ. ಆಗ ಅಂಕಿ 1620 ಇತ್ತೆಂದುಕೊಳ್ಳೋಣ. ಹೊರಗಾಳಿಯ 420 ಕಳೆದರೆ ಹೆಚ್ಚುವರಿ 1200. ಈ ಹೆಚ್ಚುವರಿ ತನ್ನ ಶೇಕಡಾ 37ಕ್ಕೆ, ಅಂದರೆ ಸುಮಾರು 440ಕ್ಕೆ ಇಳಿಯಲು, ಮೀಟರಿನ ಮೇಲೆ 860 ಕಾಣಲು, ಎಷ್ಟು ಹೊತ್ತು ಬೇಕಾಯಿತೆಂದು ಗುರುತು ಹಾಕಿಕೊಳ್ಳಿ. ಗಾಳಿ ಒಂದು ಬಾರಿ ಬದಲಾಗಲು ಹಿಡಿಯುವ ಹೊತ್ತು ಅದೇ. ಅರ್ಧ ಗಂಟೆ ಹಿಡಿದರೆ ಆ ಕೋಣೆಯ ಗಾಳಿ ಗಂಟೆಗೆ ಎರಡು ಬಾರಿ ಬದಲಾಗುತ್ತಿದೆ. ಹತ್ತು ನಿಮಿಷ ಹಿಡಿದರೆ ಆರು ಬಾರಿ.

ಎಷ್ಟು ಬಾರಿ ಬದಲಾದರೆ ಸಾಕು? ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘ ಆಶ್ರೇ 2023ರಲ್ಲಿ ಹೊರತಂದ 241ನೆಯ ಮಾನದಂಡದಲ್ಲಿ, ಸೋಂಕು ಹೆಚ್ಚಿರುವ ಕಾಲದಲ್ಲಿ ಜಿಮ್ಮಿನೊಳಗಿನ ಪ್ರತಿಯೊಬ್ಬರಿಗೂ ಸೆಕೆಂಡಿಗೆ 40 ಲೀಟರಿನಷ್ಟು ಶುದ್ಧ ಗಾಳಿ ಒದಗಬೇಕೆಂದು ಹೇಳಿದೆ. ಹೊರಗಿನ ಗಾಳಿಯೂ ಆಗಬಹುದು, ಫಿಲ್ಟರಿನಿಂದ ಸೋಸಿದ ಗಾಳಿಯೂ ಆಗಬಹುದು. 10 ಮೀಟರ್ ಉದ್ದ, 8 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯೆಂದರೆ 240 ಘನ ಮೀಟರ್. ಗಂಟೆಗೆ ಎರಡು ಬಾರಿ ಗಾಳಿ ಬದಲಾದರೆ 480 ಘನ ಮೀಟರ್, ಅಂದರೆ ಸೆಕೆಂಡಿಗೆ ಸುಮಾರು 133 ಲೀಟರ್. ಆ ಮಾನದಂಡದಂತೆ ಅಲ್ಲಿ ಮೂವರಿಗಷ್ಟೇ ಅವಕಾಶ! ಹನ್ನೆರಡು ಮಂದಿ ಸೇರಬೇಕಾದರೆ ಗಂಟೆಗೆ ಏಳಕ್ಕೂ ಹೆಚ್ಚು ಬಾರಿ ಗಾಳಿ ಬದಲಾಗಬೇಕು. ಗಂಟೆಗೆ 400 ಘನ ಮೀಟರ್ ಶುದ್ಧ ಗಾಳಿ ಕೊಡುವ ಹೆಪಾ ಫಿಲ್ಟರಿನ (ಸೂಕ್ಷ್ಮ ಕಣಗಳನ್ನೂ ಹಿಡಿಯುವ ಸೋಸುಪದರದ) ಯಂತ್ರಗಳನ್ನು ಎರಡು ಇಟ್ಟರೆ, ಮೊದಲಿನ 480ರ ಜೊತೆ ಸೇರಿ ಒಟ್ಟು 1280 ಘನ ಮೀಟರ್ ಆಗಿ, ಎಂಟು ಮಂದಿಗೆ ಸಾಕಾಗುತ್ತದೆ. ಯಂತ್ರ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಇಂಥ ಅಂಕಿಯನ್ನೇ ನೋಡಿ, ಮತ್ತು ಅದು ಯಾವ ವೇಗದಲ್ಲಿ ಓಡಿದಾಗ ಸಿಗುವ ಅಂಕಿ ಎಂದು ಕೇಳಿ. ಸದ್ದಿಗೆ ಹೆದರಿ ಕಡಿಮೆ ವೇಗಕ್ಕೆ ಇಳಿಸಿದರೆ ಅರ್ಧವೂ ಸಿಗದಿರಬಹುದು.

ಫ್ಯಾನುಗಳ ಬಗ್ಗೆ ಒಂದು ಮಾತು. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಗಾಳಿ ಬೀಸುವಂತೆ ನಿಲ್ಲಿಸಿದ ಫ್ಯಾನ್ ಉಸಿರನ್ನು ಹಂಚುತ್ತದೆ. ಅದೇ ಫ್ಯಾನನ್ನು ಕಿಟಕಿಯಲ್ಲಿ ಹೊರಮುಖವಾಗಿ ನಿಲ್ಲಿಸಿ, ಎದುರು ಗೋಡೆಯ ಕಿಟಕಿ ತೆರೆದರೆ ಕೋಣೆಯ ಗಾಳಿಯನ್ನು ಹೊರಗೆ ತಳ್ಳಿ ಹೊಸ ಗಾಳಿಗೆ ದಾರಿ ಮಾಡುತ್ತದೆ.

ಯಾವ ಹೊತ್ತಿಗೆ, ಎಲ್ಲಿ, ಎಷ್ಟು ಬಿರುಸಿನಲ್ಲಿ

ಹಿಂದಿನ ತಂಡ ಬಿಟ್ಟುಹೋದ ಗಾಳಿಯಲ್ಲಿ ವ್ಯಾಯಾಮ ಮಾಡಬೇಡಿ. ಗಾಳಿ ಗಂಟೆಗೆ ಆರು ಬಾರಿ ಬದಲಾಗುವ ಕೋಣೆಯಲ್ಲಿ ತೇಲುವ ಕಣಗಳ ಶೇಕಡಾ 99ರಷ್ಟು ಹೊರಹೋಗಲು 46 ನಿಮಿಷ ಬೇಕು. ಎರಡು ಬಾರಿ ಮಾತ್ರ ಬದಲಾಗುವ ಕೋಣೆಯಲ್ಲಿ 138 ನಿಮಿಷ. ಎರಡು ತರಗತಿಗಳ ನಡುವಿನ ಹತ್ತು ನಿಮಿಷದ ಬಿಡುವಿನಲ್ಲಿ ನೆಲ ಒರೆಸಬಹುದು, ಗಾಳಿ ಒರೆಸಲಾಗದು. ಬೆಳಗಿನ ಮೊದಲ ತಂಡಕ್ಕೆ ರಾತ್ರಿಯಿಡೀ ಖಾಲಿಯಿದ್ದ ಕೋಣೆ ಸಿಗುತ್ತದೆ. ಆಯ್ಕೆಯಿದ್ದರೆ ಆ ಹೊತ್ತನ್ನೇ ಹಿಡಿಯಿರಿ. ಹೊಸ ಗಾಳಿ ಒಳಬರುವ ಕಿಟಕಿಯ ಪಕ್ಕ ನಿಲ್ಲಿ. ಆರು ಅಡಿ ಅಂತರ ವ್ಯರ್ಥವಲ್ಲ, ಎದುರಿಗಿರುವವರ ಉಸಿರು ನೇರವಾಗಿ ಮುಖಕ್ಕೆ ಬಡಿಯುವುದನ್ನು ಅದು ತಪ್ಪಿಸುತ್ತದೆ. ಜೋರಾಗಿ ಏದುಸಿರು ಬಿಡುವ ಕಡೆ ಅದನ್ನು ಇಮ್ಮಡಿ ಮಾಡಿಕೊಳ್ಳುವುದು ಒಳ್ಳೆಯದು. ಕೋಣೆಯ ತುಂಬ ಹರಡಿಕೊಂಡ ಗಾಳಿಗೆ ಮಾತ್ರ ಅಂತರ ಮದ್ದಲ್ಲ.

ಶ್ರಮದ ಮಟ್ಟ ತಿಳಿಯಲು ಮಾತಿನ ಪರೀಕ್ಷೆ ಮಾಡಿಕೊಳ್ಳಿ. ಪೂರ್ತಿ ವಾಕ್ಯ ಮಾತನಾಡಲು ಬರುತ್ತದೆ, ಹಾಡಲು ಬರುವುದಿಲ್ಲ ಎಂದಾದರೆ ಅದು ಮಧ್ಯಮ ಶ್ರಮ. ನಾಲ್ಕು ಪದ ಹೇಳುವಷ್ಟರಲ್ಲಿ ಉಸಿರಿಗಾಗಿ ನಿಲ್ಲಬೇಕಾದರೆ ತೀವ್ರ ಶ್ರಮ. ಕಣಗಳ ಸಂಖ್ಯೆ ಕಡಿದಾಗಿ ಏರುವುದು ಈ ಎರಡರ ನಡುವಿನ ಗೆರೆ ದಾಟಿದ ಮೇಲೆ. ಒಳಾಂಗಣದಲ್ಲಿ ಗೆರೆಯ ಈಚೆಗೇ ಇರಿ. ಒಂದು ಗಂಟೆಯ ಬದಲು ಮೂವತ್ತೈದು ನಿಮಿಷಕ್ಕೆ ಮುಗಿಸಿ ಹೊರಬನ್ನಿ; ಮೈ ಬಿಸಿ ಮಾಡಿಕೊಳ್ಳುವುದು, ಕೊನೆಯಲ್ಲಿ ಸಾವರಿಸಿಕೊಳ್ಳುವುದು, ಗೆಳೆಯರೊಂದಿಗೆ ಮಾತುಕತೆ ಇವೆಲ್ಲ ಹೊರಗಿನ ಗಾಳಿಯಲ್ಲಿ ಆಗಲಿ.

ತರಗತಿ ನಡೆಸುವವರು ಸಂಗೀತದ ಸದ್ದು ತಗ್ಗಿಸಿ ಮೈಕ್ ಬಳಸಿದರೆ ಕೂಗುವ ಪ್ರಮೇಯವೇ ಬರುವುದಿಲ್ಲ. ಕೂಗುವಾಗ ಬಾಯಿಂದ ಹೊರಡುವ ಕಣಗಳು ಸಾಧಾರಣ ಮಾತಿಗಿಂತ ಬಹಳ ಹೆಚ್ಚು, ಮತ್ತು ತರಬೇತುದಾರರು ದಿನಕ್ಕೆ ನಾಲ್ಕೈದು ಗುಂಪುಗಳ ನಡುವೆ ಓಡಾಡುತ್ತಾರೆ. ಅವರಿಗೆ ಆರೋಗ್ಯ ಕೆಟ್ಟ ದಿನ ಸಂಬಳ ಕತ್ತರಿಸದೆ ರಜೆ ಕೊಡುವ ಏರ್ಪಾಡು ಇರಬೇಕು. ಕೆಮ್ಮುತ್ತಲೇ ಕೆಲಸಕ್ಕೆ ಬರುವ ಒತ್ತಡವಿರುವ ಜಾಗದಲ್ಲಿ ಬೇರಾವ ಮುನ್ನೆಚ್ಚರಿಕೆಯೂ ಪೂರ್ಣ ಫಲ ಕೊಡದು.

ಮಾಸ್ಕ್ ಹಾಕಿಕೊಂಡು ವ್ಯಾಯಾಮ ಮಾಡಬಹುದೇ? ಬಿರುಸಾದ ವ್ಯಾಯಾಮ ಮಾಡುವಾಗ ಮಾಸ್ಕ್ ಬೇಡ, ಬೆವರಿಗೆ ಒದ್ದೆಯಾಗಿ ಉಸಿರಾಟಕ್ಕೆ ತೊಡಕಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತ್ತು. ನನ್ನ ತೀರ್ಮಾನ ಹೀಗಿದೆ: ಮಾಸ್ಕ್ ಹಾಕಿಕೊಂಡು ಮಾಡಲಾಗದಷ್ಟು ಬಿರುಸಿನ ವ್ಯಾಯಾಮ ಸಾಂಕ್ರಾಮಿಕದ ಕಾಲದಲ್ಲಿ ಮುಚ್ಚಿದ ಕೋಣೆಗೆ ಸೇರಿದ್ದಲ್ಲ. ಮಧ್ಯಮ ಶ್ರಮಕ್ಕೆ ಮುಖಕ್ಕೆ ಸರಿಯಾಗಿ ಕೂರುವ, ಕವಾಟವಿಲ್ಲದ ಎನ್-95 ಮಾಸ್ಕ್ ಆರೋಗ್ಯವಂತರಿಗೆ ಹೊಂದುತ್ತದೆ. ಕವಾಟವಿದ್ದರೆ ನೀವು ಬಿಡುವ ಉಸಿರು ಸೋಸದೆ ಹೊರಹೋಗುತ್ತದೆ. ಒದ್ದೆಯಾದರೆ ಬದಲಿಸಲು ಇನ್ನೊಂದನ್ನು ಜೊತೆಗಿಟ್ಟುಕೊಳ್ಳಿ. ಉಬ್ಬಸ ಅಥವಾ ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಲಿ. ತಲೆ ಸುತ್ತಿದರೆ ನಿಲ್ಲಿಸಿ, ಹೊರಗೆ ಹೋಗಿ, ಅಲ್ಲಿ ಮಾಸ್ಕ್ ತೆಗೆಯಿರಿ. ನೀರು ಕುಡಿಯಲು ಮಾಸ್ಕ್ ಇಳಿಸುವಾಗಲೂ ಕಿಟಕಿಯ ಕಡೆ ಸರಿಯುವುದು ಒಳ್ಳೆಯ ಅಭ್ಯಾಸ.

ಯಂತ್ರಗಳ ಹಿಡಿಕೆಗಳನ್ನು ಒರೆಸುವುದು, ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯುವುದು ಎಂದಿನಂತೆ ನಡೆಯಲಿ. ಮೇಲ್ಮೈ ಮುಟ್ಟಿ ಕೋವಿಡ್ ತಗುಲುವ ಸಾಧ್ಯತೆ ಬಹಳ ಕಡಿಮೆ ಎಂದು 2021ರ ಹೊತ್ತಿಗೆ ಸ್ಪಷ್ಟವಾಗಿತ್ತು. ಬಟ್ಟೆ ಬದಲಿಸುವ ಕೋಣೆಯನ್ನು ಮಾತ್ರ ಮರೆಯಬೇಡಿ: ಇಕ್ಕಟ್ಟಾದ, ಕಿಟಕಿಯಿಲ್ಲದ ಆ ಜಾಗದಲ್ಲಿ ಮಾಸ್ಕ್ ತೆಗೆದು, ಇನ್ನೂ ಏದುಸಿರು ಬಿಡುತ್ತಲೇ ಹತ್ತು ನಿಮಿಷ ಹರಟುವುದು ಸಾಮಾನ್ಯ. ಮನೆಯಿಂದಲೇ ವ್ಯಾಯಾಮದ ಬಟ್ಟೆ ಹಾಕಿಕೊಂಡು ಹೋಗಿ, ಸ್ನಾನ ಮನೆಗೆ ಬಂದು ಮಾಡಿ.

ಸೋಂಕು ತಗುಲಿದ ಮೇಲೆ

ಸೋಂಕು ದೃಢಪಟ್ಟರೆ ಹಿಂದಿನ ಎರಡು ದಿನಗಳಲ್ಲಿ ನಿಮ್ಮ ಜೊತೆ ವ್ಯಾಯಾಮ ಮಾಡಿದವರಿಗೆ ಅಂದೇ ತಿಳಿಸಿ. ಸಂಕೋಚಪಡಬೇಡಿ, ನೀವು ಹೇಳಿದ ಒಂದು ಮಾತಿನಿಂದ ಅವರ ಮನೆಯ ಹಿರಿಯರೊಬ್ಬರು ಉಳಿಯಬಹುದು. ಲಕ್ಷಣ ಕಾಣಿಸಿಕೊಂಡ ದಿನದಿಂದ ಹತ್ತು ದಿನ ಒಳಾಂಗಣದ ಗುಂಪು ವ್ಯಾಯಾಮದಿಂದ ದೂರವಿರಿ. ಜ್ವರವಿರುವಾಗ ಬೆವರಿಳಿಸಿದರೆ ರೋಗ ಇಳಿಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ವೈರಾಣು ಸೋಂಕಿನಿಂದ ಹೃದಯದ ಸ್ನಾಯುವಿಗೆ ಉರಿಯೂತ ಬರುವುದುಂಟು, ಆ ಸ್ಥಿತಿಯಲ್ಲಿ ಬಿರುಸಿನ ವ್ಯಾಯಾಮ ಪ್ರಾಣಕ್ಕೇ ಎರವಾಗಬಹುದು. ಎದೆನೋವು, ಎದೆ ಡವಗುಟ್ಟುವುದು, ಮೊದಲಿಲ್ಲದ ಏದುಸಿರು, ಪ್ರಜ್ಞೆ ತಪ್ಪಿದಂತಾಗುವುದು ಇವುಗಳಲ್ಲಿ ಒಂದಾದರೂ ಇದ್ದರೆ ವೈದ್ಯರು ಪರೀಕ್ಷಿಸುವವರೆಗೆ ವ್ಯಾಯಾಮ ಬೇಡ.

ಲಕ್ಷಣಗಳೆಲ್ಲ ಹೋದ ಮೇಲೆ ಮೊದಲ ದಿನ ಸಮತಟ್ಟಾದ ಜಾಗದಲ್ಲಿ ಹತ್ತು ಹದಿನೈದು ನಿಮಿಷ ಆರಾಮಾಗಿ ನಡೆಯಿರಿ, ಅಷ್ಟಕ್ಕೇ ನಿಲ್ಲಿಸಿ. ಆ ಕ್ಷಣಕ್ಕೆ ಹೇಗನ್ನಿಸಿತು ಎಂಬುದಕ್ಕಿಂತ ಮರುದಿನ, ಅದರ ಮರುದಿನ ಎದ್ದಾಗ ಹೇಗಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಕೆಲವರಲ್ಲಿ ಶ್ರಮದ ಪರಿಣಾಮ ಒಂದೆರಡು ದಿನ ತಡವಾಗಿ, ಹಾಸಿಗೆಯಿಂದ ಏಳಲಾಗದ ಆಯಾಸವಾಗಿ ಕಾಣಿಸಿಕೊಳ್ಳುತ್ತದೆ. ಹಾಗಾದರೆ ಛಲದಿಂದ ಮುಂದುವರಿಯದೆ ಹಿಂದಿನ ಹಂತಕ್ಕೆ ಬನ್ನಿ, ಮತ್ತೆ ಮತ್ತೆ ಹಾಗಾದರೆ ವೈದ್ಯರಿಗೆ ತೋರಿಸಿ. ಮೂರು ದಿನ ಸರಿಯಾಗಿದ್ದರೆ ಐದು ನಿಮಿಷ ಹೆಚ್ಚಿಸಿ, ಆಮೇಲೆ ವೇಗ, ಎಲ್ಲಕ್ಕಿಂತ ಕೊನೆಗೆ ಭಾರ. ಜಿಮ್ಮಿಗೆ ಮರಳಿದ ದಿನ, ಚೀಲ ಇಡುವ ಮೊದಲೇ ಎಕ್ಸಾಸ್ಟ್ ಫ್ಯಾನಿನ ಮುಂದೆ ಒಮ್ಮೆ ಕಾಗದದ ಪಟ್ಟಿ ಹಿಡಿದು ನೋಡಿ.